ಡ್ಯಾಶ್‌ಬೋರ್ಡಿನ ಮೇಲೊಂದು ಮುಡಿಪುಕಾಯಿ

ಎಂಟನೇ ತರಗತಿಗೆ ಘರ್ಷಣೆಯ ಪಾಠ ಮಾಡುವಾಗ ಈಗೀಗ ನನ್ನ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿಬಿಡುತ್ತದೆ. ನಾನು ಅಜ್ಜಂಪುರದ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರು. ಬಿ.ಎಸ್ಸಿ., ಬಿ.ಎಡ್. ಉರುಳುವ ವಸ್ತು ಯಾಕೆ ಉರುಳುತ್ತಲೇ ಇರುತ್ತದೆ, ಅದನ್ನು ನಿಲ್ಲಿಸಲು ಏನು ಬೇಕು ಎಂಬುದನ್ನು ಹದಿನೆಂಟು ವರ್ಷಗಳಿಂದ ಮಕ್ಕಳ ತಲೆಗೆ ತುಂಬುತ್ತ ಬಂದವಳು. ಕೆಮ್ಮಣ್ಣುಗುಂಡಿಯ ಇಳಿಜಾರಿನಲ್ಲಿ ಅದನ್ನೇ ಕಣ್ಣಾರೆ ನೋಡಿದ ಮೇಲೆ ಕರಿಹಲಗೆಯ ಮೇಲೆ ಗುಂಡಗಿನ ವಸ್ತುವೊಂದನ್ನು ಬರೆಯಲು ಕೈ ಬರುತ್ತಿಲ್ಲ. ಇಳಿಜಾರಿನ ಮೇಲೆ ಇಟ್ಟಿಗೆ ಬರೆದು ಪಾಠ ಮುಗಿಸುತ್ತಿದ್ದೇನೆ.

ಎಲ್ಲ ಶುರುವಾದದ್ದು ಸಮುದ್ರದಿಂದ. ನಾನು ಸಮುದ್ರವನ್ನು ನಾಲ್ಕು ಸಲ ನೋಡಿದ್ದೇನೆ, ನಾಲ್ಕೂ ಸಲ ಶಾಲೆಯ ಪ್ರವಾಸದಲ್ಲಿ. ಅಂದರೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತು, ನೀರಿಗಿಳಿದ ಮಕ್ಕಳ ತಲೆ ಎಣಿಸಿದ್ದೇನೆ. ಮಲ್ಪೆ ಹೇಗಿದೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಐವತ್ತೆರಡು ತಲೆ, ಅದರಲ್ಲಿ ಒಂದು ಕಡಿಮೆ, ಆಮೇಲೆ ಆ ಒಂದು ತಲೆ ಐಸ್‌ಕ್ಯಾಂಡಿ ಗಾಡಿಯ ಹಿಂದೆ ಸಿಕ್ಕಿದ್ದು. ನಲವತ್ತೈದು ತುಂಬಿದ ವರ್ಷ ಮನಸ್ಸಿಗೆ ಬಂತು: ಒಂದು ಸಲ ಯಾರ ತಲೆಯನ್ನೂ ಎಣಿಸದೆ ಹೋಗಿ, ಸಮುದ್ರದ ಕಡೆ ಮುಖ ಮಾಡಿ ಕೂತು ಬರಬೇಕು.

ಒಬ್ಬಳೇ ಯಾಕೆ ಎಂದರೆ, ಜೊತೆಗೆ ಬರಬೇಕಾದ ನಮ್ಮ ಯಜಮಾನರಿಗೆ ಕಾರು ಹತ್ತಿದರೆ ಬೀರೂರು ದಾಟುವುದರೊಳಗೆ ವಾಂತಿ. ರೈಲಿನಲ್ಲಿ ಆಗುವುದಿಲ್ಲ, ಬಸ್ಸಿನಲ್ಲಿ ಆಗುವುದಿಲ್ಲ, ಕಾರಿನಲ್ಲಿ ಮಾತ್ರ. ಅವರು ದೊಡ್ಡ ಮನಸ್ಸು ಮಾಡಿ, "ನೀನು ಹೋಗಿ ಬಾ, ನಾನು ಫೋಟೋ ನೋಡ್ತೀನಿ" ಎಂದರು. ಫೋಟೋ ನೋಡುವಾಗಲೂ ನಿಂಬೆಹಣ್ಣು ಹತ್ತಿರ ಇಟ್ಟುಕೊಳ್ಳುತ್ತಾರೇನೋ ಎಂದು ನನಗೆ ಅನುಮಾನ.

ದಸರಾ ರಜೆಗೆ ಎರಡು ತಿಂಗಳು ಮೊದಲೇ ಒಂದು ನೋಟ್‌ಬುಕ್ಕಿನಲ್ಲಿ ದಾರಿ ಬರೆಯತೊಡಗಿದೆ. ಸಾಂಬಾರು ಕುದಿಯುವಾಗ ಒಂದು ಊರು, ಪೇಪರ್ ತಿದ್ದುವಾಗ ಇನ್ನೊಂದು ಊರು. ತರೀಕೆರೆ, ಶೃಂಗೇರಿ, ಆಗುಂಬೆ, ಉಡುಪಿ. ಅಲ್ಲಿಂದ ಸಮುದ್ರವನ್ನು ಎಡಗೈಗೆ ಇಟ್ಟುಕೊಂಡು ಕುಂದಾಪುರ, ಮರವಂತೆ, ಮುರುಡೇಶ್ವರ, ಹೊನ್ನಾವರ. ಬರುವಾಗ ಜೋಗ, ಸಾಗರ, ಶಿವಮೊಗ್ಗ. ಆರು ದಿನ. ಯಾವ ಊರಲ್ಲಿ ಎಷ್ಟು ಹೊತ್ತಿಗೆ ಕಾಫಿ ಎಂಬುದನ್ನೂ ಬರೆದೆ. ಶಾಲೆಯ ವೇಳಾಪಟ್ಟಿ ಹಾಕುವ ಕೆಲಸ ನನ್ನದೇ ಆದ್ದರಿಂದ ಮರವಂತೆಯಲ್ಲಿ ಸೂರ್ಯಾಸ್ತಕ್ಕೆ ನಲವತ್ತು ನಿಮಿಷದ ಒಂದು ಪೀರಿಯಡ್ ಕೊಟ್ಟಿದ್ದೆ.

ಕಾರು ನನ್ನದಲ್ಲ, ಕಡೂರಿನಲ್ಲಿರುವ ಭಾವನದು, ಅಂದರೆ ನನ್ನ ಅಕ್ಕನ ಗಂಡನದು. ಸಿಂಗಟಗೆರೆಯಲ್ಲಿ ಅವರ ತೆಂಗಿನ ತೋಟ. ಕಾರಿಗೆ ಹದಿಮೂರು ವರ್ಷ ವಯಸ್ಸು. ನಾನು ಓಡಿಸಲು ಕಲಿತದ್ದೂ ಅದರಲ್ಲೇ. ಭಾವನಿಗೆ ನನ್ನ ಮೇಲೆ ಅಭಿಮಾನ, ಆದರೆ ನನ್ನ ಡ್ರೈವಿಂಗ್ ಮೇಲೆ ಅದೇ ಅಭಿಮಾನ ಇರಲಿಲ್ಲ.

"ಬಯಲುಸೀಮೇಲಿ ಯಾರ್ ಬೇಕಾದ್ರೂ ಓಡಿಸ್ತಾರಮ್ಮ. ಘಟ್ಟ ಇಳಿಯೋದು ಅಂದ್ರೆ ಅದು ಬೇರೇನೇ ವಿದ್ಯೆ. ಒಂದ್ಸಲ ಕೆಮ್ಮಣ್ಣುಗುಂಡಿಗೆ ಹೋಗ್ಬರನ. ನೀನು ಪಾಸಾದ್ರೆ ಕೀ ನಿಂದು."

ನಾನೇ ಪರೀಕ್ಷೆ ಮಾಡುವವಳು, ಪರೀಕ್ಷೆಗೆ ಬೇಡ ಎನ್ನಲಾಗಲಿಲ್ಲ.

ಹೊರಡುವ ಬೆಳಿಗ್ಗೆ ಅಕ್ಕ ಮುಡಿಪು ಕಟ್ಟಿದಳು. ನಮ್ಮಲ್ಲಿ ದೂರದ ಪ್ರಯಾಣ ಎಂದರೆ ಜುಟ್ಟು ಬಿಟ್ಟ ತೆಂಗಿನಕಾಯಿಗೆ ಅರಿಶಿನ ಹಚ್ಚಿ, ಒಂದು ನಾಣ್ಯದ ಜೊತೆ ಹಳದಿ ಬಟ್ಟೆಯಲ್ಲಿ ಕಟ್ಟಿ ಗಾಡಿಯಲ್ಲಿಡುತ್ತಾರೆ. ಕ್ಷೇಮವಾಗಿ ಹೋಗಿಬಂದ ಮೇಲೆ ಅದನ್ನು ಮನೆದೇವರಿಗೆ ಒಪ್ಪಿಸಬೇಕು. "ಸಮುದ್ರದ ತನಕ ಹೋಗೋಳು, ಈಗಿಂದ್ಲೇ ಇರ್ಲಿ" ಎಂದು ಅಕ್ಕ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಪ್ರದಕ್ಷಿಣೆ ದೇವರಿಗಲ್ಲ, ಜಾಗ ಹುಡುಕಲು.

ಡಿಕ್ಕಿಯಲ್ಲಿ ಸ್ಟೆಪ್ನಿ ಇದೆ, ಭಾವನ ತೋಟದ ಚಪ್ಪಲಿ ಇದೆ, ಅಲ್ಲಿ ಆಗದು. ಹಿಂದಿನ ಸೀಟು ಜನ ಕುಂಡೆ ಊರುವ ಜಾಗ, ಅಲ್ಲೂ ಆಗದು. ನನ್ನ ತೊಡೆಯ ಮೇಲೆ ಆಗಬಹುದಿತ್ತು, ಆದರೆ ಓಡಿಸುವವಳು ನಾನು. ಕೊನೆಗೆ ಡ್ಯಾಶ್‌ಬೋರ್ಡಿನ ಮೇಲೆ, ಎಡಭಾಗದಲ್ಲಿ, ಭಾವನ ಟವೆಲ್ಲನ್ನು ಸಿಂಬಿಯಂತೆ ಸುತ್ತಿ, ಅದರ ಮೇಲೆ ಕಾಯಿ ಕೂತಿತು. ಲಿಂಗದಹಳ್ಳಿ ದಾಟಿ, ಕಲ್ಲತ್ತಿಗಿರಿ ದಾಟಿ, ತಿರುವಿನ ಮೇಲೆ ತಿರುವು ಹತ್ತುವಾಗ ಅದು ಅಲುಗಲಿಲ್ಲ. ನಾನೂ ಚೆನ್ನಾಗಿಯೇ ಹತ್ತಿಸಿದೆ. ಭಾವ ಮೇಲೆ ತಲುಪುವ ತನಕ ಬಾಗಿಲ ಹಿಡಿಯನ್ನು ಹಿಡಿದುಕೊಂಡೇ ಕೂತಿದ್ದು, ಇಳಿದ ಮೇಲೆ, "ಪರ್ವಾಗಿಲ್ಲ" ಎಂದರು.

ಮೇಲೆ ಮಂಜು, ಚಳಿ. ಭಾವ ಟವೆಲ್ಲನ್ನು ತೆಗೆದು ತಲೆಗೆ ಸುತ್ತಿಕೊಂಡರು. ಕಾಯಿ ಬರಿಯ ಪ್ಲಾಸ್ಟಿಕ್ಕಿನ ಮೇಲೆ ಉಳಿಯಿತು. ನಾನು ಅದನ್ನು ನೋಡಿದೆ. ನೋಡಿ ಸುಮ್ಮನಿದ್ದೆ. ದೇವರ ಕಾಯಿಗಿಂತ ಮನುಷ್ಯನ ಕಿವಿಗೆ ಟವೆಲ್ ಹೆಚ್ಚು ಬೇಕಾಗಿದೆ ಎಂದುಕೊಂಡೆ.

"ಇಳಿಯೋವಾಗ ಈ ಕಡೆ ಬಾ. ಹೆಂಗಿಳೀಬೇಕು ಅಂತ ತೋರಿಸ್ತೀನಿ, ನೋಡ್ಕೊ" ಎಂದು ಭಾವ ಸ್ಟೇರಿಂಗ್ ಮುಂದೆ ಕೂತರು. ನಾನು ಎಡಗಡೆ ಕೂತೆ.

ಅವರು ತೋರಿಸಿದ ಮೊದಲ ಪಾಠ ನ್ಯೂಟ್ರಲ್. "ಇಳಿಜಾರಲ್ಲಿ ಗೇರ್ ಯಾಕಮ್ಮ? ಭೂಮಿತಾಯಿ ಎಳೀತಾಳೆ. ಸುಮ್ನೆ ಪೆಟ್ರೋಲ್ ಯಾಕ್ ಸುಡೋದು?" ಇದು ತಪ್ಪು ಎಂದು ನನಗೆ ಗೊತ್ತಿತ್ತು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮೊದಲ ತಿರುವು ಬಂತು, ಕಾಯಿ ಡ್ಯಾಶ್‌ಬೋರ್ಡಿನಿಂದ ಜಾರಿ ನನ್ನ ಕಾಲ ಬುಡಕ್ಕೆ ಬಿತ್ತು.

ಈ ಜಾಗಕ್ಕೆ ಬಂದಾಗಲೆಲ್ಲ ನನ್ನ ತಲೆಯೊಳಗಿನ ಚಿತ್ರ ನಿಧಾನವಾಗುತ್ತದೆ. ಮುಂದಿನದನ್ನು ಮೊದಲು ಹೇಳಿಬಿಡುತ್ತೇನೆ.

ಆ ಹಳೆಯ ಕಾರಿನಲ್ಲಿ ಗೇರಿನ ಮುಂದೆ, ಇಬ್ಬರ ಕಾಲುಗಳ ನಡುವೆ, ಅಡ್ಡವಾಗಿ ಏನೂ ಇಲ್ಲ. ಎರಡನೆಯ ತಿರುವಿನಲ್ಲಿ ಕಾಯಿ ನನ್ನ ಕಡೆಯಿಂದ ಭಾವನ ಕಡೆಗೆ ಹೊರಟಿತು. ಜುಟ್ಟು ಇದ್ದ ಕಾರಣ ನೇರವಾಗಿ ಉರುಳದೆ, ಕುಂಟುತ್ತ, ಯೋಚನೆ ಮಾಡುತ್ತ ಹೋಗಿ ಬ್ರೇಕಿನ ಕೆಳಗೆ ಸೇರಿಕೊಂಡಿತು. ಭಾವ ಬ್ರೇಕ್ ಒತ್ತಿದರು. ಅದು ಅರ್ಧ ಬೆರಳಿನಷ್ಟು ಹೋಗಿ ನಿಂತಿತು. ಮತ್ತೆ ಒತ್ತಿದರು. ಆಮೇಲೆ ಕೆಳಗೆ ನೋಡಿದರು. ಹಳದಿ ಬಟ್ಟೆ ಕಂಡಿತು.

ಯಾರಾದರೂ ಅಲ್ಲಿ ಒಂದು ಒದೆ ಒದೆಯುತ್ತಿದ್ದರು. ಕಾಯಿ ಪಕ್ಕಕ್ಕೆ ಹೋಗುತ್ತಿತ್ತು. ಭಾವ ಎರಡೂ ಕಾಲುಗಳನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ತುಳಿಯಬಾರದ್ದನ್ನು ತುಳಿದವರ ಹಾಗೆ. ಬಗ್ಗಿ, ಬಲಗೈಯಿಂದ ಕಾಯಿಯನ್ನು ಮೆಲ್ಲಗೆ ಈಚೆ ತೆಗೆದು, "ತಪ್ಪಾಯ್ತು ನಮ್ಮಪ್ಪ" ಎಂದು ಮೊದಲು ಎಡಗಣ್ಣಿಗೆ, ಆಮೇಲೆ ಬಲಗಣ್ಣಿಗೆ ಒತ್ತಿಕೊಂಡರು. ಕಣ್ಣಿಗೆ ಒತ್ತಿಕೊಳ್ಳಬೇಕಾದರೆ ಕಣ್ಣು ಮುಚ್ಚಬೇಕು. ಮುಚ್ಚಿದರು. ಕಾರು ನ್ಯೂಟ್ರಲ್‌ನಲ್ಲಿತ್ತು. ಮುಂದೆ ರಸ್ತೆ ಎಡಕ್ಕೆ ತಿರುಗಿತ್ತು, ನಾವು ತಿರುಗಿರಲಿಲ್ಲ. ನೇರ ಎದುರಿಗೆ ಇದ್ದದ್ದು ಮಂಜು, ಅದರ ಕೆಳಗೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಸ್ಟೇರಿಂಗನ್ನು ನನ್ನ ಕಡೆಗೆ ಎಳೆದೆ. ಇನ್ನೊಂದು ಕೈಯಿಂದ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಎಡಗಡೆಯ ಗುಡ್ಡಕ್ಕೆ ಉಜ್ಜಿಕೊಂಡು, ಕನ್ನಡಿ ಕಳೆದುಕೊಂಡು, ಮುಂದಿನ ಚಕ್ರವನ್ನು ಚರಂಡಿಗೆ ಇಳಿಸಿ ನಿಂತಿತು. ಕಿಟಕಿಯಿಂದ ಒಂದು ಹಿಡಿ ಜರಿಗಿಡ ಒಳಗೆ ಬಂದು ನನ್ನ ಕೆನ್ನೆಗೆ ತಾಗಿತು. ಆಮೇಲೆ ಭಾವ ಕಣ್ಣು ಬಿಟ್ಟು, ಕೈಯಲ್ಲಿದ್ದ ಕಾಯಿ ನೋಡಿ, ನನ್ನನ್ನು ನೋಡಿ, "ನೋಡ್ದಾ? ಕೈ ಬಿಡಲಿಲ್ಲ" ಎಂದರು. ಸ್ಟೇರಿಂಗ್ ಮೇಲೆ ಇದ್ದದ್ದು ನನ್ನ ಕೈ. ಅವರು ಹೇಳಿದ್ದು ದೇವರ ಕೈಯನ್ನು.

ಹಿಂದೆ ಬಂದ ಜೀಪಿನ ಪ್ರವಾಸಿಗರು ಕಾರನ್ನು ಎತ್ತಿ ರಸ್ತೆಗೆ ಇಟ್ಟರು. ಏನಾಯ್ತು ಎಂದು ಕೇಳಿದ್ದಕ್ಕೆ ಭಾವ ಹೇಳಿದ್ದು ಎರಡೇ ಮಾತು: "ಬ್ರೇಕ್ ಫೇಲ್." ಗೇರಿನಲ್ಲಿ, ಕಾಯಿಯನ್ನು ನನ್ನ ಮಡಿಲಲ್ಲಿ ಇರಿಸಿಕೊಂಡು, ಆಮೆಗಿಂತ ನಿಧಾನವಾಗಿ ತರೀಕೆರೆಗೆ ಇಳಿದೆವು. ಅಲ್ಲಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ ನೋಡಿದ, ಓಡಿಸಿ ನೋಡಿದ.

"ಬ್ರೇಕ್ ಚೆನ್ನಾಗೈತೆ ಯಜಮಾನ್ರೇ. ಏನೂ ಆಗಿಲ್ಲ."

"ನಿಂಗೊತ್ತಿಲ್ಲ ಬಿಡಪ್ಪ. ಬಿಸಿಯಾಗಿ ಹೋಗಿತ್ತು, ತಣ್ಣಗಾದ್ಮೇಲೆ ಬಂದಿರ್ತದೆ."

"ಬ್ರೇಕು ಜ್ವರ ಅಲ್ಲ ಯಜಮಾನ್ರೇ, ಬಂದು ಹೋಗಕ್ಕೆ." ಅವನು ಬಗ್ಗಿ ಪೆಡಲ್ ನೋಡಿದ. "ಇಲ್ಲೇನಿದು, ಪೆಡಲ್‌ಗೆ ಅರಿಶಿನ?"

"ಆಯುಧಪೂಜೆದು" ಎಂದರು ಭಾವ.

"ಆಯುಧಪೂಜೆ ಇನ್ನೂ ಮುಂದೈತಲ್ಲ."

"ಹೋದ್ವರ್ಷದ್ದು ಕಣಯ್ಯ."

ಮೆಕ್ಯಾನಿಕ್ ನನ್ನ ಕಡೆ ನೋಡಿದ. ನಾನು ಎದುರಿನ ಅಂಗಡಿಯ ಬೋರ್ಡನ್ನು ಓದತೊಡಗಿದೆ.

ಕಡೂರು ತಲುಪುವಷ್ಟರಲ್ಲಿ ಭಾವನ ಕಥೆ ಗಟ್ಟಿಯಾಗಿತ್ತು. ಬ್ರೇಕ್ ಕೈಕೊಟ್ಟಿತು, ಮುಡಿಪು ಕಾಪಾಡಿತು. ಅಕ್ಕ ಕಾಯಿಯನ್ನು ದೇವರಮನೆಗೆ ತೆಗೆದುಕೊಂಡು ಹೋಗಿ ದೃಷ್ಟಿ ತೆಗೆದಳು. ನಮ್ಮ ದೃಷ್ಟಿಯನ್ನಲ್ಲ, ಕಾಯಿಯ ದೃಷ್ಟಿಯನ್ನು. ಆಮೇಲೆ ತೀರ್ಮಾನ ಕೊಟ್ಟಳು: "ಆ ದರಿದ್ರದ ಗಾಡಿ ನಮಗೆ ಬ್ಯಾಡ. ಬೀರೂರಿನೋರು ಕೇಳ್ತಾನೇ ಅವ್ರಲ್ಲ, ಕೊಟ್ಬಿಡಿ. ಸಮುದ್ರ ಎಲ್ಲೂ ಹೋಗಲ್ಲ ಕಣೇ, ಮುಂದಿನ್ ವರ್ಷ ಸ್ಕೂಲ್ ಟೂರಲ್ಲಿ ನೋಡ್ಕೊಂಡ್ ಬಾ."

ಬೀರೂರಿನವರು ಬರುವ ಭಾನುವಾರ ಬಂದು ಕಾರು ನೋಡುವುದೆಂದು ಆಯಿತು. ಬಾಡಿಗೆ ಕಾರು ನಾನು ಓಡಿಸಲಾರೆ, ಬೇರೆ ಕಾರು ಕೊಡುವವರಿಲ್ಲ. ಕಾರು ಹೋದರೆ ನನ್ನ ಸಮುದ್ರ ಹೋಯಿತು. ಅದನ್ನು ಉಳಿಸಲು ನಾನು ಮಾಡಬೇಕಾದದ್ದು ಒಂದೇ, ಬ್ರೇಕ್ ಸರಿಯಿತ್ತು ಎಂದು ಹೇಳುವುದು. ಹೇಳಲಿಲ್ಲ. ಭಾವನ ಮರ್ಯಾದೆಗಾಗಿ ಎಂದು ಒಂದು ವಾರ ನನಗೆ ನಾನೇ ನಂಬಿಸಿಕೊಂಡೆ.

ಅಜ್ಜಂಪುರದಲ್ಲಿ ಆ ವಾರ ನಾನು ದಿನಕ್ಕೆ ಹತ್ತು ಸಲ ಕೆಮ್ಮಣ್ಣುಗುಂಡಿ ಇಳಿದೆ. ಹಾಲು ಉಕ್ಕುವಾಗ ಇಳಿದೆ, ಹಾಜರಿ ಕರೆಯುವಾಗ ಇಳಿದೆ. ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕುವ ಮೊದಲು ನಾನು ಹಾಕುತ್ತಿದ್ದೆ, ಮುಂದಿನ ಸೀಟಿನವರ ಬೆನ್ನಿಗೆ. ಘಟ್ಟವಿಲ್ಲದೆ ಸಮುದ್ರಕ್ಕೆ ಹೋಗುವ ದಾರಿ ಇದೆಯೇ ಎಂದು ನಕ್ಷೆಯ ಮೇಲೆ ಬೆರಳಿಟ್ಟು ಹುಡುಕಿದೆ. ಆಗುಂಬೆ ಬೇಡವೆಂದರೆ ಹುಲಿಕಲ್, ಹುಲಿಕಲ್ ಬೇಡವೆಂದರೆ ಚಾರ್ಮಾಡಿ, ಅದೂ ಬೇಡವೆಂದರೆ ಶಿರಾಡಿ. ಬೆರಳು ಮೇಲೆ ಕೆಳಗೆ ಎಲ್ಲಿ ಹೋದರೂ ಘಟ್ಟ ಅಡ್ಡ. ಯಜಮಾನರು ಹಿಂದಿನಿಂದ ಇಣುಕಿ, "ಗೋವಾ ಕಡೆಯಿಂದ ಹೋದ್ರೆ?" ಎಂದರು. ಅಲ್ಲೂ ಇದೆ ಎಂದೆ. ನಕ್ಷೆ ನೋಡಿಯೇ ಅವರಿಗೆ ಹೊಟ್ಟೆ ತೊಳಸಿದಂತಾಗಿ ಆಚೆ ಹೋದರು.

ಆಗಲೇ ತಿಳಿದದ್ದು, ಕಾರು ಮಾರುತ್ತಾರಲ್ಲ ಎಂದು ನನ್ನೊಳಗೆ ಎಲ್ಲೋ ಸಮಾಧಾನವೂ ಇದೆ ಎಂದು. ಅದು ತಿಳಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಕಡೂರಿಗೆ ಹೋದೆ.

ನಾನು ಹೋಗುವಷ್ಟರಲ್ಲಿ ಬೀರೂರಿನವರು ಬಂದು ಕಾಫಿ ಕುಡಿಯುತ್ತಿದ್ದರು. ಬಿಳಿ ಪಂಚೆ, ವಿಭೂತಿ, ಗಂಭೀರ ಮನುಷ್ಯ. ಕಾರಿನ ಬಣ್ಣ, ಟೈರು, ಸೀಟು ಎಲ್ಲ ನೋಡಿ ಮುಗಿಸಿ, ಲೋಟ ಕೆಳಗಿಟ್ಟು ಕೇಳಿದರು: "ಬ್ರೇಕ್ ಹೆಂಗೈತೆ?"

ಭಾವ ಯೋಚಿಸಲೇ ಇಲ್ಲ. "ಬ್ರೇಕಾ? ಕಲ್ಲು ಇದ್ದಂಗೈತೆ. ಒತ್ತಿದ್ರೆ ಇದ್ದಲ್ಲೇ ನಿಲ್ತದೆ."

ಒಳಗಿನಿಂದ ತಟ್ಟೆಯಲ್ಲಿ ಚಕ್ಕುಲಿ ತರುತ್ತಿದ್ದ ಅಕ್ಕ ಬಾಗಿಲಲ್ಲೇ ನಿಂತಳು. "ಮತ್ತೆ ಹೋದ್ವಾರ ಫೇಲ್ ಆಯ್ತು ಅಂದ್ರಿ?"

"ಅದು ಹೋದ್ವಾರ."

"ಈ ವಾರ ರಿಪೇರಿ ಮಾಡಿಸಿದ್ರಾ?"

"ಏನೂ ಆಗಿರ್ಲಿಲ್ಲ, ಏನ್ ರಿಪೇರಿ ಮಾಡ್ಸೋದು?" ಅಂದುಬಿಟ್ಟರು ಭಾವ. ಅಂದ ಮೇಲೆ ಅವರಿಗೇ ಅದು ಕೇಳಿಸಿತು.

ಬೀರೂರಿನವರು ಒಮ್ಮೆ ಅಕ್ಕನನ್ನು, ಒಮ್ಮೆ ಭಾವನನ್ನು ನೋಡಿದರು. "ಗಾಡಿಗೆ ಬ್ರೇಕ್ ಐತೋ ಇಲ್ವೋ, ಗಂಡ ಹೆಂಡ್ತಿ ಒಂದ್ ಮಾತಾಡ್ಕೊಂಡು ಹೇಳಿ. ನಾನು ಕಾಯ್ತೀನಿ."

ಆಗ ನಾನು ಬಾಯಿ ಬಿಟ್ಟೆ. ನ್ಯೂಟ್ರಲ್ ಹೇಳಿದೆ, ಟವೆಲ್ ಹೇಳಿದೆ, ಬ್ರೇಕಿನ ಕೆಳಗೆ ಕಾಯಿ ಹೋದದ್ದು, ಭಾವ ಕಣ್ಣಿಗೆ ಒತ್ತಿಕೊಂಡದ್ದು ಹೇಳಿದೆ. ಭಾವ ಗೋಡೆಯ ಕ್ಯಾಲೆಂಡರನ್ನು ನೋಡುತ್ತ ಕೂತಿದ್ದರು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ಆದರೆ ನನ್ನ ತಲೆಯೊಳಗೆ ಪ್ರತಿ ಸಲವೂ ನಿಧಾನವಾಗುತ್ತಿದ್ದ ಆ ಒಂದು ಜಾಗ ಬಾಕಿ ಇತ್ತು.

"ಕಾಯಿ ಮೊದ್ಲು ಬಿದ್ದಿದ್ದು ನನ್ ಕಾಲ ಹತ್ರ ಅಕ್ಕ. ಒಂದು ಪಾದ ಅಡ್ಡ ಇಟ್ಟಿದ್ರೆ ಅಲ್ಲೇ ನಿಲ್ತಿತ್ತು. ನಾನು ಎರಡೂ ಕಾಲು ಎತ್ತಿ ಸೀಟಿನ ಮೇಲೆ ಇಟ್ಕೊಂಡೆ. ಮುಡಿಪಿಗೆ ಕಾಲು ತಾಗಬಾರದು ಅಂತ. ನಾನೇ ದಾರಿ ಬಿಟ್ಟೆ."

ಹೇಳಿ ತಲೆ ತಗ್ಗಿಸಿದೆ. ಹದಿನೆಂಟು ವರ್ಷ ವಿಜ್ಞಾನ ಹೇಳಿಕೊಟ್ಟವಳು, ಉರುಳುವ ವಸ್ತುವಿಗೆ ಅಡ್ಡ ಬರದೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಬೈಗುಳಕ್ಕೆ ಕಾದೆ.

ಅಕ್ಕನ ಕಣ್ಣು ತುಂಬಿ ಬಂದಿತ್ತು. "ಕಾಲು ತಾಗಿಸಲಿಲ್ವಲ್ಲೇ. ಅದಕ್ಕೇ ಕಣೇ ನೀವಿಬ್ರೂ ಉಳಿದಿದ್ದು."

ಬೀರೂರಿನವರೂ ತಲೆಯಾಡಿಸಿದರು. "ಓದಿದೋರು ಅಂದ್ರೆ ಹಿಂಗಿರ್ಬೇಕು." ಆಮೇಲೆ ಸ್ವಲ್ಪ ಮುಂದೆ ಬಾಗಿ ದನಿ ತಗ್ಗಿಸಿ ಕೇಳಿದರು: "ಆ ಕಾಯಿನೂ ಗಾಡಿ ಜೊತೆಗೇ ಕೊಡ್ತೀರಾ?"

ಈ ಪ್ರಶ್ನೆಗೆ ಅಕ್ಕ ಗಕ್ಕನೆ ತಿರುಗಿದಳು. "ಅದ್ಹೆಂಗೆ ಕೊಡಕ್ಕಾಗ್ತದೆ? ಅದು ಇವಳ ಮುಡಿಪು. ಇವಳು ಸಮುದ್ರ ನೋಡ್ಕೊಂಡು ಕ್ಷೇಮವಾಗಿ ಬರ್ಲಿ ಅಂತ ಕಟ್ಟಿದ್ದು. ಹೋಗಿ ಬಂದ್ಮೇಲೇನೇ ದೇವರಿಗೆ ಒಪ್ಪಿಸಬೇಕು." ಹೇಳುತ್ತ ಹೇಳುತ್ತ ಅವಳಿಗೇ ಏನೋ ಹೊಳೆಯಿತು. ಚಕ್ಕುಲಿ ತಟ್ಟೆ ಕೆಳಗಿಟ್ಟಳು. "ಅಯ್ಯೋ, ಇವಳು ಹೋಗ್ದಿದ್ರೆ ಮುಡಿಪು ಹಂಗೇ ಉಳ್ಕೊಳ್ತದಲ್ರೀ. ಉಳಿಸ್ಕೊಂಡ್ರೆ ಮನೆಗೆ ಒಳ್ಳೇದಲ್ಲ."

"ಅದೂ ನಿಜವೇ" ಎಂದರು ಬೀರೂರಿನವರು. ತಾವು ಕೊಳ್ಳಲು ಬಂದ ಕಾರು ಕೈಜಾರುತ್ತಿದೆ ಎಂದು ತಿಳಿದೂ ಹಾಗೆಂದ ಅವರ ನ್ಯಾಯಬುದ್ಧಿಗೆ ನಾನು ಈಗಲೂ ತಲೆಬಾಗುತ್ತೇನೆ.

"ಇದೇ ಗಾಡೀಲಿ ಕಟ್ಟಿದ್ದು, ಇದೇ ಗಾಡೀಲಿ ಹೋಗ್ಬೇಕು" ಎಂದಳು ಅಕ್ಕ. "ಯಾವಾಗ್ಲೇ ರಜ?"

"ಶುಕ್ರವಾರ" ಎಂದೆ.

ಹೀಗೆ, ಹೋಗಬೇಡ ಎನ್ನುತ್ತಿದ್ದ ಮನೆ ಒಂದು ಲೋಟ ಕಾಫಿ ಆರುವಷ್ಟರಲ್ಲಿ ಹೋಗಲೇಬೇಕು ಎಂದಿತು. ನನ್ನನ್ನು ತಡೆಯುವವರು ಯಾರೂ ಉಳಿಯಲಿಲ್ಲ, ನನ್ನ ಕಾಲೊಂದನ್ನು ಬಿಟ್ಟು. ಹೆದರಿಕೆ ಎಂದು ಹೇಳಿದರೆ ಈಗ ಹರಕೆ ತಪ್ಪಿಸಿದಂತೆ. ಬುಧವಾರ, ಗುರುವಾರ ಎರಡು ದಿನ ಯಜಮಾನರಿಗೆ ಜ್ವರವಾದರೂ ಬರಲಿ ಎಂದು ಕಾದೆ. ಅವರು ಎಂದಿಗಿಂತ ಆರೋಗ್ಯವಾಗಿದ್ದರು.

ಶನಿವಾರ ಬೆಳಿಗ್ಗೆ ಕಡೂರಿನ ಮನೆಯ ಮುಂದೆ ಕಾರು ನಿಂತಿತ್ತು, ಹೊಸ ಕನ್ನಡಿ ಹಾಕಿಸಿಕೊಂಡು. ಅಕ್ಕ ಮುಡಿಪನ್ನು ಹೊರಗೆ ತಂದು, ಮುಂದಿನ ಬಾಗಿಲು ತೆಗೆದು, ಡ್ಯಾಶ್‌ಬೋರ್ಡಿನ ಕಡೆಗೆ ಕೈ ಚಾಚಿದಳು. ಅವಳು ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು. ಅವಳಿಗೆ ನಾನು ಎದುರು ಮಾತಾಡಿದ್ದು ನೆನಪಿಲ್ಲ.

"ಅಲ್ಲಿ ಬೇಡ ಅಕ್ಕ. ಡಿಕ್ಕೀಲಿ ಇಡ್ತೀನಿ. ಡಬ್ಬಿಯೊಳಗೆ, ಬಟ್ಟೆ ಮಧ್ಯೆ, ಅಲ್ಲಾಡದಂಗೆ."

"ಸ್ಟೆಪ್ನಿ ಪಕ್ಕಾನಾ? ಚಪ್ಪಲಿ ಪಕ್ಕಾನಾ? ತಲೆ ನೆಟ್ಟಗಿದೆಯೇನೇ ನಿಂಗೆ?"

"ಡಿಕ್ಕೀಲಿ ಇಡೋದಾದ್ರೆ ಹೋಗ್ತೀನಿ. ಮುಂದೆ ಇಡೋದಾದ್ರೆ ನನ್ ಕೈಲಿ ಆಗಲ್ಲ ಅಕ್ಕ. ನಂಗೆ ಭಯ ಆಗ್ತದೆ."

ಭಯ ಎಂಬ ಮಾತು ಆ ಮನೆಯಲ್ಲಿ ಅಲ್ಲಿಯ ತನಕ ಯಾರೂ ಆಡಿರಲಿಲ್ಲ. ಅಕ್ಕ ಕಾಯಿ ಹಿಡಿದುಕೊಂಡು ನಿಂತೇ ಇದ್ದಳು. ಜಗಲಿಯ ಮೇಲೆ ಕೂತಿದ್ದ ಭಾವ ಎದ್ದು ಬಂದರು. ಡಿಕ್ಕಿ ತೆಗೆದರು. ತೋಟದ ಚಪ್ಪಲಿಯನ್ನು ತೆಗೆದು ಜಗಲಿಯ ಕೆಳಗೆ ಎಸೆದರು. ಸ್ಟೆಪ್ನಿಯ ಮೇಲೆ ಒಂದು ಹೊಸ ಚಾಪೆ ಹಾಸಿದರು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ನಾಲ್ಕು ಮೂಲೆಗೂ ಚಿಮುಕಿಸಿದರು. ಆಮೇಲೆ ಅಕ್ಕನ ಕಡೆ ಕೈ ಚಾಚಿದರು.

"ಕೊಡೇ. ಅಲ್ಲೇ ಇರ್ಲಿ." ನನ್ನ ಕಡೆ ನೋಡದೆ ಅಕ್ಕನಿಗೆ ಹೇಳಿದರು: "ಆವತ್ತಿಂದ ನಾನೂ ಗಾಡಿ ಮುಟ್ಟಿಲ್ಲ ಕಣೇ. ಸ್ಟ್ಯಾಂಡಿಗೆ ನಡ್ಕೊಂಡು ಹೋಗಿ ಬಸ್ಸಲ್ಲೇ ತೋಟಕ್ಕೆ ಹೋಗ್ತಿದೀನಿ. ಸಕ್ಕರೆ ಕಾಯಿಲೆಗೆ ನಡೆಯೋದು ಒಳ್ಳೇದು ಅಂತ ನಿಂಗೆ ಸುಳ್ಳು ಹೇಳ್ದೆ."

ಅಕ್ಕ ಕಾಯಿ ಕೊಟ್ಟಳು.

ನಾನು ಸೀಟು ಮುಂದಕ್ಕೆ ಎಳೆದುಕೊಂಡು, ಕಾಲ ಬುಡದಲ್ಲಿ ಏನೂ ಇಲ್ಲವೆಂದು ಬಗ್ಗಿ ನೋಡಿ, ಇನ್ನೊಂದು ಸಲ ನೋಡಿ, ಗಾಡಿ ಹೊರಡಿಸಿದೆ. ಭಾವ ಕಿಟಕಿಯ ಪಕ್ಕ ನಾಲ್ಕು ಹೆಜ್ಜೆ ನಡೆದು ಬಂದು, "ಇಳಿಯೋವಾಗ ಗೇರಲ್ಲೇ ಇಳೀ" ಎಂದರು. ಹೂಂ ಎಂದೆ. ಬೀದಿಯ ತುದಿಯಲ್ಲಿ ಒಂದು ಹಂಪ್ ಇದೆ. ಬ್ರೇಕ್ ಒತ್ತಿದೆ. ಕಾರು ನಿಂತಿತು. ನಂಬಿಕೆಯಾಗದೆ ಸ್ವಲ್ಪ ಮುಂದೆ ಬಿಟ್ಟು ಮತ್ತೆ ಒತ್ತಿದೆ. ಮತ್ತೆ ನಿಂತಿತು. ಮೂರನೆಯ ಸಲ ಒತ್ತಿದಾಗ ಹಿಂದಿದ್ದ ಹಾಲಿನ ವ್ಯಾನಿನವನು ತಲೆ ಹೊರಗೆ ಹಾಕಿ, "ಮೇಡಂ, ಹೋಗೋದೋ ನಿಲ್ಲೋದೋ ಒಂದ್ ಹೇಳ್ರೀ" ಎಂದ.

ಹೋಗೋದು ಎಂದೆ. ತರೀಕೆರೆ ರಸ್ತೆಗೆ ತಿರುಗಿಸಿದೆ.